ಆಟಗಾರರ ಆಯ್ಕೆ: ಸರದಿಯೋ, ಹರಾಜೋ?

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಬಂದಿದ್ದ ರೈತರೊಬ್ಬರು ಮೊನ್ನೆ ಹಾಗೆಯೇ ನಮ್ಮ ಶಾಲೆಯ ಕಡೆಗೂ ಬಂದರು. ಅವರ ಮಗ ಒಂಬತ್ತನೆಯ ತರಗತಿಯ ಹುಡುಗ; ಎಡಗೈಯಿಂದ ಸೊಗಸಾಗಿ ಬೌಲ್ ಮಾಡುತ್ತಾನೆ. ತಂದೆಯ ಜೇಬಿನಲ್ಲಿ ತರಬೇತಿ ಕೇಂದ್ರವೊಂದು ಕೊಟ್ಟ ಇಂಗ್ಲಿಷಿನ ಮೂರು ಹಾಳೆಗಳ ಕರಾರುಪತ್ರವಿತ್ತು. “ಮುಂದೆ ಇವನನ್ನೂ ಹರಾಜಿನಲ್ಲಿ ತಗೋತಾರಂತೆ ಮೇಷ್ಟ್ರೆ. ಇದಕ್ಕೆ ರುಜು ಹಾಕಬಹುದಾ?” ಎಂದು ಕೇಳಿದರು. ಹಳಗನ್ನಡದ ಸಮಾಸವನ್ನಾದರೆ ಒಡನೆಯೇ ಬಿಡಿಸಿಬಿಡುತ್ತಿದ್ದೆ; ಇದನ್ನು ಬಿಡಿಸಲು ಒಂದು ವಾರದ ಗಡುವು ಕೇಳಿದೆ. ಆ ವಾರದಲ್ಲಿ ಓದಿ, ಕೇಳಿ ತಿಳಿದುದನ್ನು ನಿಮ್ಮ ಮುಂದೆಯೂ ಇಡುತ್ತೇನೆ. ನಿಮ್ಮ ಮನೆಯಲ್ಲಿಯೂ ಅಂಥ ಹುಡುಗನಿರಬಹುದು.

ತಂಡಗಳು ಎಳೆಯ ಆಟಗಾರರನ್ನು ಪಡೆಯಲು ಮುಖ್ಯವಾಗಿ ಎರಡು ಮಾರ್ಗಗಳಿವೆ. ಮೊದಲನೆಯದು ಹರಾಜು. ಅದು ನಮ್ಮ ಸೀಮೆಯವರಿಗೆ ಹೊಸದಲ್ಲ. ಗೂಡಿನ ಲಾಟು ಮುಂದಿರುತ್ತದೆ. ರೀಲರು ಒಂದು ಹಿಡಿ ಎತ್ತಿ, ಅಲುಗಿಸಿ, ಒತ್ತಿ ನೋಡುತ್ತಾರೆ. ಹೆಚ್ಚು ಕೂಗಿದವರಿಗೆ ಮಾಲು. ಈಗ ಕೂಗುವುದರ ಬದಲು ಮೊಬೈಲಿನಲ್ಲಿ ಬೆಲೆ ಒತ್ತುತ್ತಾರೆ, ಅಷ್ಟೆ. ಚಿಂತಾಮಣಿಯ ಟೊಮೆಟೊ ಮಂಡಿಯಲ್ಲಿಯೂ ನ್ಯಾಯ ಅದೇ. ಆದರೆ ಒಂದು ಮಾತನ್ನು ನೆನಪಿಡಿ: ಗೂಡಿನ ಬೆಲೆ ಒಪ್ಪಿಗೆಯಾಗದಿದ್ದರೆ ರೈತ “ಬೇಡ” ಎನ್ನಬಹುದು.

ಎರಡನೆಯದು ಡ್ರಾಫ್ಟ್. ಇದನ್ನು ‘ಸರದಿ ಆಯ್ಕೆ’ ಎಂದು ಕರೆಯೋಣ. ಅಮೆರಿಕದ ಬೇಸ್‌ಬಾಲ್ ಆಟದಲ್ಲಿ ಇದು 1965ರಲ್ಲಿ ಮೊದಲಾಯಿತು. ಅದಕ್ಕೆ ಮುಂಚೆ ಹಣವಂತ ತಂಡಗಳು ಒಳ್ಳೆಯ ಹುಡುಗರನ್ನೆಲ್ಲ ಹಣ ಸುರಿದು ಸೆಳೆದುಕೊಳ್ಳುತ್ತಿದ್ದವು. ಬಡ ತಂಡಗಳು ಸೋಲುತ್ತಲೇ ಇದ್ದವು. ಆದ್ದರಿಂದ ಹಿಂದಿನ ವರ್ಷ ಕೆಳಗೆ ಉಳಿದವರಿಗೇ ಮುಂದಿನ ಸರದಿ ಎಂಬ ಕ್ರಮ ಬಂತು. ಮೊದಲ ವರ್ಷ ಎಲ್ಲರಿಗಿಂತ ಮುಂಚೆ ಆಯ್ಕೆಯಾದವನು ರಿಕ್ ಮಂಡೆ. ಆರಿಸಿದ್ದು ಕ್ಯಾನ್ಸಸ್ ಸಿಟಿ ತಂಡ. ಬೇಕೆಂದೇ ಸೋತು ಮೊದಲ ಸರದಿ ಗಿಟ್ಟಿಸುವ ಜಾಣರೂ ಇರಬಹುದಷ್ಟೆ. 2023ರಿಂದ ಮೊದಲ ಕೆಲವು ಸ್ಥಾನಗಳನ್ನು ಚೀಟಿ ಎತ್ತಿ ನಿರ್ಧರಿಸುತ್ತಾರೆ. ಈಗ ಇಪ್ಪತ್ತು ಸುತ್ತುಗಳು ನಡೆಯುತ್ತವೆ.

ಆಯ್ಕೆ ಕೆಲವೇ ದಿನಗಳಲ್ಲಿ ಮುಗಿದರೂ ಅದರ ಹಿಂದಿನ ಶ್ರಮ ವರ್ಷಗಳದು. ಸ್ಕೌಟ್ ಎಂಬ ಶೋಧಕರು ಹೈಸ್ಕೂಲು, ಕಾಲೇಜುಗಳ ಮೈದಾನಗಳನ್ನು ಸುತ್ತಿ, ಚೆಂಡನ್ನು ಹೊಡೆಯುವುದು, ದೂರ ಅಟ್ಟುವುದು, ಓಡುವುದು, ಎಸೆಯುವುದು, ಹಿಡಿಯುವುದು ಎಂಬ ಐದು ಗುಣಗಳಿಗೆ 20ರಿಂದ 80ರವರೆಗೆ ಅಂಕ ಕೊಡುತ್ತಾರೆ. ಹುಡುಗನ ಸ್ವಭಾವವನ್ನು ಅವನ ಗುರುಗಳಲ್ಲಿ ವಿಚಾರಿಸುತ್ತಾರೆ. ಆರಿಸಿದ ಮಾತ್ರಕ್ಕೆ ಹುಡುಗ ತಂಡದವನಾಗುವುದಿಲ್ಲ. ಗೊತ್ತಾದ ಗಡುವಿನೊಳಗೆ ಹಣದ ಮಾತು ಮುಗಿದು ರುಜು ಬೀಳಬೇಕು. ಹೈಸ್ಕೂಲು ಮುಗಿಸಿದ ಹುಡುಗನಿಗೆ ಮನಸ್ಸಿಲ್ಲದಿದ್ದರೆ “ನಾನು ಓದಲು ಹೋಗುತ್ತೇನೆ” ಎಂದು ಕಾಲೇಜು ಸೇರಬಹುದು. ಕೆಲವು ವರ್ಷಗಳ ಮೇಲೆ ಅವನು ಮತ್ತೆ ಆಯ್ಕೆಗೆ ಅರ್ಹನಾಗುತ್ತಾನೆ.

ನಮ್ಮ ನಾಡು ಎರಡನ್ನೂ ಕಂಡಿದೆ. 2022ರಲ್ಲಿ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯು ಆರು ತಂಡಗಳ ಮಹಾರಾಜ ಟ್ರೋಫಿಯನ್ನು ಆರಂಭಿಸಿದಾಗ ಆಟಗಾರರನ್ನು ಸರದಿಯಿಂದಲೇ ಹಂಚಿತು. ನಾಲ್ಕು ದರ್ಜೆಗಳು, ಮೇಲಿನ ದರ್ಜೆಗೆ 5 ಲಕ್ಷ ರೂಪಾಯಿ, ಕೊನೆಯದಕ್ಕೆ 50 ಸಾವಿರ. ಮರುವರ್ಷವೇ ಹರಾಜು ಬಂತು. ಆ ಹರಾಜಿನಲ್ಲಿ ಅಭಿನವ್ ಮನೋಹರ್ ಅವರಿಗೆ 15 ಲಕ್ಷ ಕೂಗಿದರು.

2008ರಲ್ಲಿ ಐಪಿಎಲ್ ಮೊದಲಾದಾಗ ದೊಡ್ಡವರಿಗೆ ಹರಾಜು, ಹತ್ತೊಂಬತ್ತು ವರ್ಷದೊಳಗಿನ ವಿಶ್ವಕಪ್ ಗೆದ್ದ ಹುಡುಗರಿಗೆ ಸರದಿ. ದೆಹಲಿ ತಂಡದವರು ತಮ್ಮೂರಿನ ವಿರಾಟ್ ಕೊಹ್ಲಿಯನ್ನು ಬಿಟ್ಟು ಬೌಲರ್ ಪ್ರದೀಪ್ ಸಾಂಗ್ವಾನರನ್ನು ಆರಿಸಿಕೊಂಡರು. ದಾಂಡಿಗರು ಅವರಲ್ಲಿ ಸಾಕಷ್ಟಿದ್ದರು. ಕೊಹ್ಲಿ 30 ಸಾವಿರ ಡಾಲರಿಗೆ ಬೆಂಗಳೂರಿನ ಪಾಲಾದರು. ಆಯ್ಕೆ ಎಂಬುದು ಗುಣದ ತೂಕವಷ್ಟೇ ಅಲ್ಲ, ಆರಿಸುವವರ ಅಗತ್ಯದ ತೂಕವೂ ಹೌದು. ಬಿಟ್ಟುಹೋದ ಹುಡುಗ ಕಡಿಮೆಯವನೆಂದು ಅದರ ಅರ್ಥವಲ್ಲ.

ಹೆಚ್ಚು ಬೆಲೆ ಬಂದವನಿಗೆ ಆಟ ಸಿಕ್ಕೇ ಸಿಗುತ್ತದೆಂದೂ ಅಲ್ಲ. ನಮ್ಮ ರಾಜ್ಯದ ಸ್ಪಿನ್ ಬೌಲರ್ ಕೆ. ಸಿ. ಕಾರಿಯಪ್ಪ ಅವರು ರಾಜ್ಯ ತಂಡಕ್ಕೆ ಒಂದೂ ಪಂದ್ಯ ಆಡುವ ಮುನ್ನವೇ, 2015ರಲ್ಲಿ ಕೋಲ್ಕತ್ತ ತಂಡ 10 ಲಕ್ಷದ ಮೂಲಬೆಲೆಯಿಂದ 2 ಕೋಟಿ 40 ಲಕ್ಷದವರೆಗೆ ಏರಿ ಅವರನ್ನು ಪಡೆಯಿತು. ಆ ವರ್ಷ ಅವರಿಗೆ ದೊರೆತದ್ದು ಒಂದೇ ಪಂದ್ಯ. ಮರುವರ್ಷದ ಹರಾಜಿನಲ್ಲಿ ಪಂಜಾಬ್ ತಂಡ ಅವರಿಗೆ ಕೊಟ್ಟ ಬೆಲೆ 80 ಲಕ್ಷ. ಬೌಲರ್ ಅವರೇ, ಇಳಿದದ್ದು ಕೂಗು.

ಇನ್ನು “ಬೇಡ” ಎನ್ನುವ ಮಾತು. ಬೇಸ್‌ಬಾಲಿನ ಹುಡುಗನಿಗೆ ಅದು ಉಂಟು, ಗೂಡಿನ ರೈತನಿಗೂ ಉಂಟು. ಐಪಿಎಲ್ ಹರಾಜಿನಲ್ಲಿ ಹೆಸರು ಕೊಟ್ಟು ಆಯ್ಕೆಯಾದ ಮೇಲೆ, ತಕ್ಕ ಕಾರಣವಿಲ್ಲದೆ ಹಿಂದೆ ಸರಿದವರಿಗೆ ಎರಡು ವರ್ಷ ಬಹಿಷ್ಕಾರವೆಂಬ ನಿಯಮವನ್ನು ಈಚೆಗೆ ಮಾಡಿದ್ದಾರೆ. ಹಾಗಾದರೆ ಯೋಚನೆಯೆಲ್ಲ ಹೆಸರು ಕೊಡುವ ಮೊದಲು, ರುಜು ಹಾಕುವ ಮೊದಲು ಆಗಬೇಕು.

ವಾರ ಕಳೆದು ಬಂದ ರೈತರಿಗೆ ನಾನು ಹೇಳಿದ್ದು ಇಷ್ಟು: “ನೋಡಿ ಯಜಮಾನರೆ, ನಮ್ಮ ಹುಡುಗನಿಗೆ ಹರಾಜು ಇನ್ನೂ ದೂರದ ಮಾತು. ಮೊದಲು ಕ್ಲಬ್ಬು, ಆಮೇಲೆ ವಲಯದ ತಂಡ, ಆಮೇಲೆ ಹದಿನಾರು, ಹತ್ತೊಂಬತ್ತರ ಒಳಗಿನ ರಾಜ್ಯ ತಂಡಗಳು. ಅಲ್ಲಿ ಜನನ ಪತ್ರವೂ ಬೇಕು. ಹದಿನಾರರ ಒಳಗಿನವರಿಗೆ ಮಣಿಕಟ್ಟಿನ ಎಕ್ಸ್‌ರೇ ತೆಗೆದು ವಯಸ್ಸು ನೋಡುತ್ತಾರೆ. ಆದ್ದರಿಂದ ವಯಸ್ಸು ತಿದ್ದಿಸುವ ಮಾತು ಯಾರಾದರೂ ಆಡಿದರೆ ಕೇಳಬೇಡಿ. 1872ರ ಕರಾರು ಕಾಯಿದೆಯಂತೆ ಹದಿನೆಂಟು ತುಂಬದವನು ಮಾಡಿಕೊಂಡ ಕರಾರು ನಿಲ್ಲುವುದಿಲ್ಲ. ಅದಕ್ಕೇ ನಿಮ್ಮ ರುಜು ಕೇಳುತ್ತಿದ್ದಾರೆ. ಈ ಹಾಳೆಗಳಲ್ಲಿ ಎಷ್ಟು ವರ್ಷದ ಕಟ್ಟು, ಮುಂದೆ ಬರುವ ಹಣದಲ್ಲಿ ಅವರ ಪಾಲೆಷ್ಟು, ಪೆಟ್ಟಾದರೆ ಖರ್ಚು ಯಾರದು, ಪರೀಕ್ಷೆಗೆ ರಜೆ ಉಂಟೆ, ಬಿಟ್ಟುಬರುವ ದಾರಿ ಯಾವುದು ಎಂಬ ಐದನ್ನು ವಕೀಲರಿಂದ ಓದಿಸಿಕೊಳ್ಳಿ.”

ಅವರು ಹಾಳೆಗಳನ್ನು ಮಡಿಸಿ ಜೇಬಿಗಿಟ್ಟುಕೊಂಡರು. “ಗೂಡಿನ ಲಾಟಿಗೇ ಎರಡು ಸಲ ಯೋಚನೆ ಮಾಡ್ತೀನಿ ಮೇಷ್ಟ್ರೆ, ಇದು ಮಗ” ಎಂದರು. ರುಜು ಇನ್ನೂ ಬಿದ್ದಿಲ್ಲ. ಹುಡುಗ ಮಾತ್ರ ಸಂಜೆ ಸಂಜೆ ಮೈದಾನದಲ್ಲಿ ಬೌಲ್ ಮಾಡುತ್ತಿದ್ದಾನೆ. ಬೆಳಿಗ್ಗೆ ನನ್ನ ತರಗತಿಯಲ್ಲಿ ಛಂದಸ್ಸಿನ ಪ್ರಸ್ತಾರವನ್ನೂ ಹಾಕುತ್ತಿದ್ದಾನೆ.