‘ಆರ್’ ವರ್ಗದ ವಿನಾಶಕ ನೌಕೆಗಳು

ಸೂಳೆಕೆರೆಯನ್ನೇ ಸಮುದ್ರವೆಂದು ನಂಬಿ ಬೆಳೆದ ನಮಗೆ ಯುದ್ಧನೌಕೆಯ ಮಾತು ದೂರದ್ದೆನಿಸಬಹುದು.

ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನು ‘ಆರ್’ ವರ್ಗದ 8 ವಿನಾಶಕಗಳನ್ನು ಕಟ್ಟಿತು. ಒಂದೊಂದರಲ್ಲೂ 4.7 ಅಂಗುಲದ 4 ಫಿರಂಗಿಗಳು, 8 ಟಾರ್ಪೆಡೋ ಕೊಳವೆಗಳು. ಹಿಂದಿನ ವಿನಾಶಕಗಳಲ್ಲಿ ಅಧಿಕಾರಿಗಳ ಕೋಣೆಗಳು ಹಿಂಬದಿಯಲ್ಲಿದ್ದವು; ಬಿರುಗಾಳಿಯಲ್ಲಿ ಅವರು ಅಲೆ ಬಡಿಯುವ ಮೇಲಟ್ಟವನ್ನು ದಾಟಿ ಬರಬೇಕಿತ್ತು. ಇವುಗಳಲ್ಲಿ ಆ ಕೋಣೆಗಳನ್ನು ನಡುಭಾಗಕ್ಕೆ ತಂದರು.

1949ರಲ್ಲಿ ಭಾರತವು ಮೂರನ್ನು ಕೊಂಡು ರಜಪೂತ್, ರಾಣಾ, ರಣಜಿತ್ ಎಂದು ಹೆಸರಿಟ್ಟಿತು. 1971ರ ಡಿಸೆಂಬರಿನಲ್ಲಿ ವಿಶಾಖಪಟ್ಟಣದ ಬಳಿ ಪಾಕಿಸ್ತಾನದ ‘ಘಾಜಿ’ ಜಲಾಂತರ್ಗಾಮಿ ಮುಳುಗಿತು. ಅದನ್ನು ಮುಳುಗಿಸಿದ್ದು ರಜಪೂತೆಂದು ನಮ್ಮ ನೌಕಾಪಡೆ, ಒಳಗಿನ ಆಕಸ್ಮಿಕವೆಂದು ಪಾಕಿಸ್ತಾನ. ವಾದ ಇನ್ನೂ ನಿಂತಿಲ್ಲ.

ಹಳೆಯ ಪುಸ್ತಕಗಳನ್ನು ಕೊಂಡೇ ಬಿ.ಎ.ವರೆಗೆ ಬಂದ ನನಗೆ ಈ ಹಡಗುಗಳು ಹಿಡಿಸಿದವು. ಪರರು ಬಳಸಿ ಬಿಟ್ಟದ್ದಾದರೂ, ಕಲಿಯುವವನ ಕೈಗೆ ಬಂದರೆ ಅದು ಹೊಸದೇ.