ಹಾಜರಿ ಪುಸ್ತಕ ನಾಲ್ಕನೇ ವಾರಕ್ಕೇ ಹೇಳುವ ಮಾತು

ಪರೀಕ್ಷೆಗೆ ಎರಡು ಮೂರು ವಾರ ಇರುವಾಗ ಪದವಿ ಕಾಲೇಜುಗಳ ನೋಟಿಸ್ ಬೋರ್ಡಿನ ಮೇಲೆ ಒಂದು ಪಟ್ಟಿ ಬೀಳುತ್ತದೆ. ಶೇ 75 ಹಾಜರಾತಿ ಇಲ್ಲದವರ ಪಟ್ಟಿ ಅದು. ಅದರಲ್ಲಿ ಹೆಸರು ಕಂಡವರು ಪ್ರಾಂಶುಪಾಲರ ಕೊಠಡಿ ಮುಂದೆ ನಿಲ್ಲುತ್ತಾರೆ, ಮುಚ್ಚಳಿಕೆ ಬರೆದುಕೊಡುತ್ತಾರೆ, ಕೆಲವರು ಮನೆಗೆ ಹೋದವರು ಮತ್ತೆ ಬರುವುದಿಲ್ಲ. ಈ ಪಟ್ಟಿ ಎಷ್ಟು ತಡವಾದದ್ದು ಎಂಬುದನ್ನು ಸಣ್ಣ ಲೆಕ್ಕದಲ್ಲೇ ನೋಡಬಹುದು. ಹದಿನಾರು ವಾರದ ಸೆಮಿಸ್ಟರಿನಲ್ಲಿ ಒಂದು ವಿಷಯಕ್ಕೆ ವಾರಕ್ಕೆ ನಾಲ್ಕು ತರಗತಿ ಎಂದಿಟ್ಟುಕೊಂಡರೆ ಒಟ್ಟು 64 ತರಗತಿ. 48ಕ್ಕೆ ಬಂದಿರಬೇಕು, 16 ತಪ್ಪಬಹುದು. ವಾರಕ್ಕೆ ಎರಡು ತರಗತಿ ತಪ್ಪಿಸುವ ಹುಡುಗನ ಪಾಲಿನ ಆ ಹದಿನಾರೂ ಎಂಟನೇ ವಾರಕ್ಕೆ ಮುಗಿದಿರುತ್ತವೆ. ಆಮೇಲೆ ಒಂದು ದಿನ ಜ್ವರ ಬಂದರೂ ಅವನು ಕೊರತೆಯವನೇ. ಆದರೆ ನಾಲ್ಕನೇ ವಾರದ ಕೊನೆಗೆ ನೋಡಿದರೆ ಹದಿನಾರರಲ್ಲಿ ಎಂಟು ತಪ್ಪಿವೆ, ಎಂಟರ ಅವಕಾಶ ಇನ್ನೂ ಕೈಯಲ್ಲಿದೆ. ಮಾಹಿತಿ ಅದೇ, ಪುಸ್ತಕವೂ ಅದೇ. ನಾಲ್ಕನೇ ವಾರದಲ್ಲಿ ನೆರವಿಗೆ ಒದಗಬಹುದಾಗಿದ್ದ ಮಾಹಿತಿಯನ್ನು ಹದಿನಾಲ್ಕನೇ ವಾರದಲ್ಲಿ ಶಿಕ್ಷೆಗೆ ಬಳಸುತ್ತಿದ್ದೇವೆ. ಹಿಂದೆ ಬೀಳುತ್ತಿರುವ ವಿದ್ಯಾರ್ಥಿಯನ್ನು ಗುರುತಿಸಲು ಕಾಲೇಜಿಗೆ ಹೊಸ ಸಾಧನವೇನೂ ಬೇಕಿಲ್ಲ. ಇರುವ ಪುಸ್ತಕವನ್ನು ಬೇಗ ತೆರೆದು, ಬೇರೆ ಉದ್ದೇಶದಿಂದ ಓದಬೇಕು.

ಬೇಗ ಓದಿದರೆ ಪ್ರಯೋಜನವಿದೆ ಎಂಬುದಕ್ಕೆ ಗಟ್ಟಿಯಾದ ಆಧಾರ ಶಿಕಾಗೊ ನಗರದ ಸರ್ಕಾರಿ ಶಾಲೆಗಳಿಂದ ಬಂದಿದೆ. ಅಲ್ಲಿ ಎಲೇನ್ ಅಲೆನ್ಸ್‌ವರ್ತ್ ಮತ್ತು ಜಾನ್ ಈಸ್ಟನ್ 2005ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂಬತ್ತನೇ ತರಗತಿಯನ್ನು ಸರಿದಾರಿಯಲ್ಲಿ, ಅಂದರೆ ಹೆಚ್ಚು ವಿಷಯಗಳಲ್ಲಿ ಎಡವದೆ, ಮುಗಿಸಿದ ಮಕ್ಕಳು ಹಾಗೆ ಮುಗಿಸದವರಿಗಿಂತ ಸುಮಾರು ಮೂರೂವರೆ ಪಟ್ಟು ಹೆಚ್ಚು ಪ್ರಮಾಣದಲ್ಲಿ ನಾಲ್ಕು ವರ್ಷಕ್ಕೆ ಪ್ರೌಢಶಾಲೆ ದಾಟುತ್ತಿದ್ದರು. ಮನೆಯ ಬಡತನವಾಗಲಿ ಹಿಂದಿನ ಪರೀಕ್ಷೆಯ ಅಂಕವಾಗಲಿ ಇಷ್ಟು ಖಚಿತವಾಗಿ ಮುಂದಿನದನ್ನು ಹೇಳುತ್ತಿರಲಿಲ್ಲ. ಪ್ರೌಢಶಾಲೆಗೆ ಕಾಲಿಟ್ಟ ಮೊದಲ ವರ್ಷದಲ್ಲಿ ಮಗು ಎಷ್ಟು ದಿನ ಬಂತು, ಯಾವ ವಿಷಯದಲ್ಲಿ ಎಡವಿತು ಎಂಬುದೇ ಹೆಚ್ಚು ಹೇಳುತ್ತಿತ್ತು. ಶಾಲೆಗಳು ಇದನ್ನು ನಿಯಮಿತವಾಗಿ ಗಮನಿಸತೊಡಗಿದ ಮೇಲೆ ಸರಿದಾರಿಯಲ್ಲಿರುವ ಮಕ್ಕಳ ಪ್ರಮಾಣ 2007ರ ಶೇ 57ರಿಂದ 2013ಕ್ಕೆ ಶೇ 82ಕ್ಕೆ ಏರಿತು. ಅದು ಶಾಲೆಯ ಮಾತು, ನಮ್ಮದು ಕಾಲೇಜು ನಿಜ. ಆದರೆ ಒಂದು ಹಂತದಿಂದ ಇನ್ನೊಂದಕ್ಕೆ ದಾಟುವಾಗಿನ ಮೊದಲ ತಿಂಗಳುಗಳು ಎಲ್ಲಿಯೂ ನಾಜೂಕಿನವು, ಮತ್ತು ಅಲ್ಲಿ ಕಾಣುವ ಗುರುತು ಹುಟ್ಟಿನಿಂದ ಬಂದದ್ದಲ್ಲ, ಬದಲಾಯಿಸಬಹುದಾದದ್ದು.

ಕೊಪ್ಪಳ ಜಿಲ್ಲೆಯಲ್ಲಿ ಈ ಮಾತಿಗೆ ತೂಕ ಹೆಚ್ಚು. 2011ರ ಜನಗಣತಿಯಲ್ಲಿ ಇಲ್ಲಿನ ಸಾಕ್ಷರತೆ ಶೇ 68, ಹೆಣ್ಣುಮಕ್ಕಳದು ಶೇ 57ರ ಆಸುಪಾಸು. ಇಂದು ಪದವಿ ತರಗತಿಯಲ್ಲಿ ಕೂತಿರುವ ಅನೇಕರ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ಇವರೇ ಮೊದಲಿಗರು. ಸೆಮಿಸ್ಟರ್ ಎಂದರೇನು, ಇಂಟರ್ನಲ್ ಅಂಕ ಹೇಗೆ ಕೊಡುತ್ತಾರೆ, ಬ್ಯಾಕ್‌ಲಾಗ್ ಉಳಿದರೆ ಮುಂದೇನು ಎಂದು ಕೇಳಲು ಮನೆಯಲ್ಲಿ ಯಾರೂ ಇಲ್ಲ. ಹಾಗಾಗಿ ಅಳವಂಡಿಯಂಥ ಹೋಬಳಿ ಊರಿನ ಕಾಲೇಜಿನಲ್ಲಿ ಹಾಜರಿ ಪುಸ್ತಕವನ್ನು ಸೂಕ್ಷ್ಮವಾಗಿ ಓದುವ ಅಧ್ಯಾಪಕರ ಕೆಲಸ ಎಷ್ಟೋ ಸಲ ಮನೆಯ ಹಿರಿಯರು ಮಾಡಬೇಕಿದ್ದ ಕೆಲಸವೇ ಆಗಿರುತ್ತದೆ.

ಪುಸ್ತಕ ಒಟ್ಟು ಶೇಕಡಾವಾರಿಗಿಂತ ಹೆಚ್ಚನ್ನು ಹೇಳುತ್ತದೆ. ಕವಲೂರು, ಬೆಟಗೇರಿ ಕಡೆಯಿಂದ ಬರುವ ಹುಡುಗಿಯೊಬ್ಬಳ ಸಾಲಿನಲ್ಲಿ ಮೊದಲ ಪಿರಿಯಡ್ ಗೈರು, ಎರಡನೆಯದರಿಂದ ಹಾಜರು ಎಂದು ದಿನವೂ ಇದ್ದರೆ ಅದು ಸೋಮಾರಿತನವಲ್ಲ, ಬಸ್ಸಿನ ಸಮಯ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಟಿಕೆಟ್ ಖರ್ಚು ತಪ್ಪಿದೆ. ಬಸ್ಸು ಬೆಲ್ಲಿಗೆ ಮುಂಚೆ ತಲುಪುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಮುಂಗಾರಿನ ಹೆಸರು ಬಿಡಿಸುವ ಹೊತ್ತಿಗೆ, ಇಲ್ಲವೇ ಹತ್ತಿ ಬಿಡಿಸುವಾಗ ಹತ್ತು ದಿನ ಒಟ್ಟಿಗೆ ಖಾಲಿ ಇದ್ದರೆ ಅದು ಎರೆ ಹೊಲದ ಕೂಲಿ. ಗಂಗಾವತಿ ಕಡೆಯ ಕಾಲುವೆ ನೀರಿನ ಊರುಗಳಲ್ಲಿ ಇದೇ ಖಾಲಿ ಭತ್ತದ ನಾಟಿಯ ದಿನಗಳಲ್ಲಿ ಕಾಣುತ್ತದೆ. ಕುಷ್ಟಗಿ, ಯಲಬುರ್ಗಾದ ಒಣಭೂಮಿಯ ಹುಡುಗನೊಬ್ಬ ಇದ್ದಕ್ಕಿದ್ದಂತೆ ಮೂರು ವಾರ ಕಾಣದಿದ್ದರೆ ಮನೆಯವರೊಂದಿಗೆ ಗುಳೆ ಹೋಗಿರುವ ಸಾಧ್ಯತೆಯಿದೆ. ಹಾಸ್ಟೆಲ್ ಸೀಟು ಸಿಗುವುದು ತಡವಾದರೆ ಆ ಕೆಲವು ವಾರಗಳ ಅಲೆದಾಟವೂ ಪುಸ್ತಕದಲ್ಲೇ ಅಚ್ಚಾಗುತ್ತದೆ. ಕಾರಣ ಬೇರೆಯಾದರೆ ಮದ್ದೂ ಬೇರೆ. ಶೇ 60 ಎಂಬ ಒಂದೇ ಅಂಕೆ ಇವರೆಲ್ಲರನ್ನೂ ಒಂದೇ ಸಾಲಿಗೆ ನಿಲ್ಲಿಸಿಬಿಡುತ್ತದೆ.

ಒಂದು ದಿನವೂ ತಪ್ಪಿಸದೆ ಹಿಂದೆ ಬೀಳುವವರನ್ನು ಮಾತ್ರ ಹಾಜರಿ ಪುಸ್ತಕ ತೋರಿಸಲಾರದು. ಪಿಯುಸಿವರೆಗೆ ಕನ್ನಡದಲ್ಲಿ ಓದಿ ಬಿ.ಕಾಂ. ಸೇರಿದವರಲ್ಲಿ ಇಂಥವರು ಸಿಗುತ್ತಾರೆ. ತರಗತಿಯಲ್ಲಿ ಹೇಳಿದ್ದು ಅರ್ಥವಾಗುತ್ತದೆ, ಬರೆಯಲು ಕೂತಾಗ ಇಂಗ್ಲಿಷ್ ವಾಕ್ಯ ಕೂಡಿ ಬರುವುದಿಲ್ಲ. ಉತ್ತರಪತ್ರಿಕೆಯಲ್ಲಿ ಲೆಕ್ಕ ಸರಿಯಿದ್ದು ವಿವರಣೆಯ ಜಾಗ ಖಾಲಿ ಇರುವುದು ಇದರ ಸ್ಪಷ್ಟ ಗುರುತು. ಮೊದಲ ಕಿರುಪರೀಕ್ಷೆಯನ್ನು ಮೂರನೇ ವಾರಕ್ಕೇ, ಹತ್ತೇ ಅಂಕಕ್ಕೆ, ಇಂಟರ್ನಲ್‌ಗೆ ಸೇರಿಸದೆ ಮಾಡಿದರೆ ಈ ಖಾಲಿ ಜಾಗಗಳು ಆಗಲೇ ಕಣ್ಣಿಗೆ ಬೀಳುತ್ತವೆ. ಆ ವಿದ್ಯಾರ್ಥಿಗೆ ಬೇಕಾದದ್ದು ಅಕೌಂಟೆನ್ಸಿಯ ಮರುಪಾಠವಲ್ಲ, ವಾರಕ್ಕೊಂದು ಪುಟ ಬರೆಸಿ ತಿದ್ದಿಕೊಡುವವರು.

ಗುರುತಿಸಿದ್ದನ್ನು ಹೇಗೆ ಬರೆದಿಡಬೇಕು ಎಂಬಲ್ಲಿ ಅರ್ಧ ಕೆಲಸ ಅಡಗಿದೆ. ಅರ್ಧ ಹಾಳೆಯ ಚೀಟಿ ಸಾಕು. ಕಂಡದ್ದೇನು, ಎಂದಿನಿಂದ, ವಿದ್ಯಾರ್ಥಿಯೊಂದಿಗೆ ಮಾತಾಡಿದಾಗ ತಿಳಿದದ್ದೇನು, ಮುಂದೆ ಯಾರು ನೋಡಿಕೊಳ್ಳಬೇಕು. “ಓದಿನಲ್ಲಿ ಆಸಕ್ತಿ ಇಲ್ಲ” ಎಂದು ಬರೆದರೆ ಅದು ತೀರ್ಪು. ಅದನ್ನು ಓದಿದ ಸಹೋದ್ಯೋಗಿಗೆ ಮಾಡಲು ಏನೂ ಉಳಿಯುವುದಿಲ್ಲ. “ಎರಡು ವಾರದಿಂದ ಸೋಮವಾರ ಬಂದಿಲ್ಲ, ಮೊದಲ ಟೆಸ್ಟಿನಲ್ಲಿ ಐದರಲ್ಲಿ ಎರಡು ಪ್ರಶ್ನೆ ಮಾತ್ರ ಮುಟ್ಟಿದ್ದಾನೆ, ಭಾನುವಾರ ರಾತ್ರಿ ಕೆಲಸಕ್ಕೆ ಹೋಗುತ್ತಾನಂತೆ” ಎಂದು ಬರೆದರೆ ದಾರಿ ಕಾಣುತ್ತದೆ. ಒಬ್ಬನ ಬಗ್ಗೆ ಮೂವರು ಅಧ್ಯಾಪಕರ ಚೀಟಿ ಒಂದೆಡೆ ಸೇರಿದಾಗ, ಯಾರೊಬ್ಬರಿಗೂ ಒಂಟಿಯಾಗಿ ಕಾಣದಿದ್ದ ಚಿತ್ರ ಕಾಣುತ್ತದೆ. ಇದೆಲ್ಲ ಆಗಲೇ ಇದೆಯಲ್ಲ, ಮೆಂಟರ್-ಮೆಂಟಿ ಫೈಲು ಇದೆ, ಕಾಲೇಜಿನ ಮೌಲ್ಯಮಾಪನಕ್ಕೆ ನ್ಯಾಕ್ ಕೇಳಿದಾಗ ನಿಧಾನ ಕಲಿಕೆಯವರ ಪಟ್ಟಿಯನ್ನೂ ಕೊಡುತ್ತೇವೆ ಎನ್ನುವವರಿದ್ದಾರೆ. ಇದೆ. ಆದರೆ ತಪಾಸಣಾ ತಂಡ ಬರುವ ಮುಂಚಿನ ವಾರ ಭರ್ತಿ ಮಾಡಿದ ಫೈಲಿನಿಂದ ಆ ಸೆಮಿಸ್ಟರಿನ ಒಬ್ಬ ವಿದ್ಯಾರ್ಥಿಗೂ ನೆರವಾಗಿರುವುದಿಲ್ಲ. ಅದೇ ಫೈಲನ್ನು ನಾಲ್ಕನೇ ವಾರಕ್ಕೆ ಬರೆದರೆ ನ್ಯಾಕ್‌ಗೂ ಅದೇ ಸಾಕಾಗುತ್ತದೆ.

ಗುರುತಿಸುವುದರಿಂದಲೇ ಎಲ್ಲ ಸರಿಹೋಗುತ್ತದೆ ಎಂದುಕೊಳ್ಳುವ ಅಪಾಯವೂ ಇದೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯ ವಿದ್ಯಾರ್ಥಿಗಳಿಗೆ ಕೆಂಪು, ಹಳದಿ, ಹಸಿರು ದೀಪದ ಮೂಲಕ ಎಚ್ಚರಿಕೆ ಕೊಡುವ ಕಂಪ್ಯೂಟರ್ ವ್ಯವಸ್ಥೆ ತಂದಿತು. ಅದರಿಂದ ಕಾಲೇಜು ಬಿಡುವವರು ಬಹಳ ಕಡಿಮೆಯಾದರು ಎಂದು ಮೊದಲು ಹೆಸರಾಯಿತು. 2013ರಲ್ಲಿ ಆ ಲೆಕ್ಕವನ್ನು ಮರುಪರಿಶೀಲಿಸಿದವರು ಕಾರಣವನ್ನೂ ಪರಿಣಾಮವನ್ನೂ ತಲೆಕೆಳಗು ಮಾಡಲಾಗಿದೆ ಎಂದು ತೋರಿಸಿದರು: ಉಳಿದುಕೊಂಡ ವಿದ್ಯಾರ್ಥಿಗಳು ಹೆಚ್ಚು ಕಾಲ ಇದ್ದದ್ದರಿಂದಲೇ ದೀಪವಿರುವ ತರಗತಿಗಳು ಅವರಿಗೆ ಹೆಚ್ಚು ಸಿಕ್ಕಿದ್ದವು. ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯ 2012ರಲ್ಲಿ ಇಂಥದೇ ವ್ಯವಸ್ಥೆ ತಂದಾಗ ಅದರ ಜೊತೆಗೆ ಹತ್ತಾರು ಸಲಹೆಗಾರರನ್ನು ಹೊಸದಾಗಿ ನೇಮಿಸಿಕೊಂಡಿತು. ಎಚ್ಚರಿಕೆ ಬಂದ ಕೂಡಲೇ ಕರೆದು ಮಾತಾಡಿಸುವ ಮನುಷ್ಯ ಅಲ್ಲಿದ್ದ, ಫಲವೂ ಕಂಡಿತು. ಚೀಟಿಯನ್ನು ಕೈಗೆತ್ತಿಕೊಳ್ಳುವವರು ಯಾರು ಎಂದು ನಿಶ್ಚಯಿಸದೆ ಚೀಟಿ ಬರೆಸುವುದು ಬೇಡ.

ಹಣೆಪಟ್ಟಿ ಹಚ್ಚಿದಂತಾಗುವುದಿಲ್ಲವೇ ಎಂಬ ಆಕ್ಷೇಪ ಹಗುರವಾದದ್ದಲ್ಲ. ವಿಸ್ಕಾನ್ಸಿನ್ ರಾಜ್ಯದ ಶಾಲೆಗಳಲ್ಲಿ ಮಕ್ಕಳ ಜನಾಂಗ, ಬಡತನಗಳನ್ನೂ ಸೇರಿಸಿ ಕಂಪ್ಯೂಟರ್ ಮಾಡುತ್ತಿದ್ದ ಮುನ್ಸೂಚನೆಯನ್ನು 2023ರಲ್ಲಿ ಪರಿಶೀಲಿಸಿದಾಗ, ಇವರು ಸಕಾಲಕ್ಕೆ ಓದು ಮುಗಿಸುವುದಿಲ್ಲ ಎಂದ ಊಹೆಗಳಲ್ಲಿ ಮುಕ್ಕಾಲಿನಷ್ಟು ತಪ್ಪಾಗಿದ್ದವು, ಮತ್ತು ಕಪ್ಪು ವರ್ಣದ ಮಕ್ಕಳ ವಿಷಯದಲ್ಲಿ ತಪ್ಪು ಇನ್ನೂ ಹೆಚ್ಚಾಗಿತ್ತು. ನಮ್ಮಲ್ಲಿ ಜಾತಿ, ಊರು, ಹಾಸ್ಟೆಲ್, ಎಸ್ಸೆಸ್ಸೆಲ್ಸಿ ಅಂಕ ನೋಡಿ ಮೊದಲ ದಿನವೇ ‘ದುರ್ಬಲರು’ ಎಂದು ವಿಂಗಡಿಸಿದರೆ ಆಗುವುದೂ ಇದೇ. ಆದ್ದರಿಂದ ಚೀಟಿಯಲ್ಲಿ ವಿದ್ಯಾರ್ಥಿ ಯಾರು ಎಂಬುದಕ್ಕೆ ಜಾಗವಿರಬಾರದು, ಈ ವಾರ ಏನಾಯಿತು ಎಂಬುದಕ್ಕೆ ಮಾತ್ರ ಇರಬೇಕು. ತರಗತಿಯಲ್ಲಿ ಹೆಸರು ಓದಬಾರದು. ಹೆಚ್ಚುವರಿ ಪಾಠದ ಬಾಗಿಲು ಬಯಸಿದ ಎಲ್ಲರಿಗೂ ತೆರೆದಿರಬೇಕು.

ಇವರು ವಯಸ್ಕರು, ಬೆನ್ನು ಹತ್ತುವುದು ಏಕೆ ಎನ್ನುವವರಿಗೂ ಉತ್ತರವಿದೆ. ವಯಸ್ಕರಾದ್ದರಿಂದಲೇ ಮೊದಲ ಮಾತು ಅವರೊಂದಿಗೇ ಆಗಬೇಕು, ಪಾಲಕರೊಂದಿಗಲ್ಲ. ಹೆಣ್ಣುಮಕ್ಕಳ ವಿಷಯದಲ್ಲಿ ಇದು ಬಹಳ ಮುಖ್ಯ. “ನಿಮ್ಮ ಮಗಳು ಸರಿಯಾಗಿ ಬರುತ್ತಿಲ್ಲ” ಎಂಬ ಒಂದು ಫೋನು ಕೆಲವು ಮನೆಗಳಲ್ಲಿ ಕಾಲೇಜು ಬಿಡಿಸಿ ಗಂಡು ನೋಡಲು ನೆಪವಾಗುತ್ತದೆ. ಅವಳನ್ನು ಕೇಳದೆ ಆ ಫೋನು ಮಾಡಲೇಬಾರದು. ಮನಸ್ಸು ಕುಸಿದಿರುವ ಲಕ್ಷಣ ಕಂಡರೆ ಉಪನ್ಯಾಸ ಬಿಟ್ಟು ಕೇಳಿಸಿಕೊಳ್ಳಬೇಕು. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಎದುರಿಗೇ ಕೂತು ಕರೆ ಮಾಡಿಸಬಹುದು.

ಉಳಿದಿರುವುದು ಸಮಯದ ತಕರಾರು, ಅದು ನ್ಯಾಯವಾದದ್ದು. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳನ್ನು ಸಾವಿರಾರು ಅತಿಥಿ ಉಪನ್ಯಾಸಕರು ನಡೆಸುತ್ತಿದ್ದಾರೆ. ಅವರ ನೇಮಕ ತರಗತಿ ಶುರುವಾದ ಮೇಲೆ ಆಗುವುದೂ ಉಂಟು, ಪಾಠದ ಗಂಟೆಗೆ ಹೊರತಾದ ಕೆಲಸಕ್ಕೆ ಅವರಿಗೆ ಪ್ರತ್ಯೇಕ ಸಂಬಳವಿಲ್ಲ. ಅವರ ಮೇಲೆ ಇನ್ನೊಂದು ಹೊರೆ ಹೊರಿಸುವುದು ತಪ್ಪು. ಮಾರ್ಗದರ್ಶನದ ಗಂಟೆಯನ್ನು ಕಾರ್ಯಭಾರದಲ್ಲೇ ಲೆಕ್ಕಕ್ಕೆ ಹಿಡಿಯಬೇಕೆಂದು ಇಲಾಖೆಯನ್ನು ಕೇಳುವುದು ಸರಿಯಾದ ದಾರಿ. ಅಷ್ಟರೊಳಗೆ ಒಂದು ಚಿಕ್ಕ ಕಾಲೇಜು ಮಾಡಬಹುದಾದದ್ದು ಇದು: ನಾಲ್ಕನೇ ಮತ್ತು ಎಂಟನೇ ವಾರದ ಶನಿವಾರ ಅಧ್ಯಾಪಕರೆಲ್ಲ ಹಾಜರಿ ಪುಸ್ತಕ ಹಿಡಿದು ಒಂದು ಗಂಟೆ ಕೂರುವುದು, ಪ್ರತಿ ಚೀಟಿಗೂ ಒಬ್ಬರ ಹೆಸರು ಹಚ್ಚುವುದು, ಬಸ್ಸಿನ ಸಮಯದ ದೂರುಗಳನ್ನು ಒಟ್ಟು ಮಾಡಿ ಕೊಪ್ಪಳದ ಡಿಪೊಕ್ಕೆ ಒಂದೇ ಪತ್ರ ಬರೆಯುವುದು. ಚೀಟಿ ಬರೆದವರಿಗೆ ಮುಂದೇನಾಯಿತು ಎಂದು ಎರಡು ವಾರದೊಳಗೆ ತಿಳಿಸುವುದನ್ನು ಮಾತ್ರ ಮರೆಯಬಾರದು. ಉತ್ತರ ಬಾರದಿದ್ದರೆ ಅವರು ಎರಡನೇ ಚೀಟಿ ಬರೆಯುವುದಿಲ್ಲ.