ಬಂಡೆಯ ಬರಹ, ಮನೆಯ ಕಡತ

ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟದ ಮೇಲಿರುವ ಅಶೋಕನ ಕಿರುಶಾಸನವನ್ನು ಬಿ. ಎಲ್. ರೈಸ್ ಅವರು 1892ರಲ್ಲಿ ನೆರೆಯ ಬ್ರಹ್ಮಗಿರಿ, ಸಿದ್ದಾಪುರಗಳ ಶಾಸನಗಳೊಡನೆ ಬೆಳಕಿಗೆ ತಂದರು. ಈ ಮೂರರಲ್ಲಿ ಹೆಚ್ಚು ಸವೆದುದು ಜಟಿಂಗದ್ದೇ. ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹೂಡುತ್ತಿದ್ದುದರಿಂದ ಬಂಡೆಗೆ ‘ಬಳೆಗಾರ ಗುಂಡು’ ಎಂಬ ಹೆಸರೇ ಬಂದಿತ್ತು. ಹಗೆತನವಿಲ್ಲದೆಯೂ, ಅರಿಯದ ಬಳಕೆಯಿಂದ ಅಕ್ಷರ ಅಳಿಯುವುದೆಂಬುದಕ್ಕೆ ಇದು ನಿದರ್ಶನ.

ಕಲ್ಲಿಗೇ ಈ ಗತಿಯಾದರೆ ಮನೆತನದ ಬರಹಗಳ ಪಾಡೇನು? ಹುಣಸೆಬೀಜದ ಅಂಟು, ಇದ್ದಿಲಪುಡಿ ಬಳಿದ ಬಟ್ಟೆಯನ್ನು ಮಡಿಸಿ, ಬಳಪದಿಂದ ಬರೆಯುತ್ತಿದ್ದ ಕಡತಗಳಲ್ಲಿ ಜಮೀನು, ಸಾಲ, ದತ್ತಿಗಳ ವಿವರಗಳು ಅಡಗಿವೆ. ಒದ್ದೆ ಕೈಯಿಂದ ಒಮ್ಮೆ ಒರೆಸಿದರೆ ಒಂದು ತಲೆಮಾರಿನ ಲೆಕ್ಕವೇ ಹೋಯಿತು. ದಿನಚರಿ, ಭಾವಚಿತ್ರಗಳೂ ಅಷ್ಟೇ ನಾಜೂಕಾದವು.

ಇಂತಹ ಬರಹಗಳನ್ನು ಪತ್ರಾಗಾರಕ್ಕೆ ಒಪ್ಪಿಸುವಾಗ ಕಟ್ಟುಗಳನ್ನು ಬಿಚ್ಚಿ ಬೆರೆಸಬಾರದು. ಯಾವ ಕಾಗದ ಯಾವುದರ ಜೊತೆಗಿತ್ತೆಂಬುದೂ ಒಂದು ಸಾಕ್ಷಿಯೇ. ಭಾವಚಿತ್ರದಲ್ಲಿರುವವರ ಹೆಸರು, ಊರು, ವರ್ಷಗಳನ್ನು ಬಲ್ಲ ಹಿರಿಯರಿರುವಾಗಲೇ ಕೇಳಿ ಬರೆದಿಡಬೇಕು. ಬ್ರಹ್ಮಗಿರಿಯ ಶಾಸನವನ್ನು ಬರೆದ ಚಪಡನು ಕೊನೆಯಲ್ಲಿ ತನ್ನ ಹೆಸರನ್ನಿಟ್ಟು, ‘ಲಿಪಿಕಾರ’ನೆಂಬ ಮಾತನ್ನು ವಾಯವ್ಯ ಭಾರತದ ಖರೋಷ್ಠಿಯಲ್ಲಿ ಬರೆದನು. ಆ ಒಂದು ಪದದಿಂದ ಅವನ ವೃತ್ತಿಯೂ, ದೂರದ ನಾಡಿನ ಲಿಪಿಯ ಪರಿಚಯವೂ ಎರಡು ಸಾವಿರ ವರ್ಷಗಳ ಮೇಲೂ ತಿಳಿದುಬರುತ್ತವೆ. ಹೆಸರಿಲ್ಲದ ಭಾವಚಿತ್ರಕ್ಕೆ ಆ ಭಾಗ್ಯವಿಲ್ಲ.